ಹೆಸರಿಡುವ ಹೊತ್ತು: ಮಿರ್ಜಾನದ ತೀರದಲ್ಲಿ ಸ್ತ್ರೀನಾಮಗಳ ಒಂದು ಚರಿತ್ರೆ

ಕುಮಟಾದಿಂದ ಉತ್ತರಕ್ಕೆ ಹೆದ್ದಾರಿಯಲ್ಲಿ ಸಾಗಿದರೆ ಮಿರ್ಜಾನ ಸಿಗುತ್ತದೆ. ಮುರಕಲ್ಲಿನ ಕೋಟೆ, ಅದರಾಚೆ ಗಜನಿ ಗದ್ದೆಗಳು, ಅವುಗಳಾಚೆ ಅಘನಾಶಿನಿ. 'ಅಘ' ಎಂದರೆ ಪಾಪ. ಅದನ್ನು ನಾಶಮಾಡುವವಳು ಅಘನಾಶಿನಿ. ಈ ತೀರಕ್ಕೆ ಮೊದಲ ಮಿಷನರಿಯ ಹಡಗು ಬರುವುದಕ್ಕೆ ಬಹಳ ಹಿಂದೆಯೇ ಇಲ್ಲಿಯ ಜನ ತಮ್ಮ ನೀರಿಗೆ ಪಾಪವನ್ನು ಕಳೆಯುವವಳೆಂಬ ಹೆಸರನ್ನು, ಅದೂ ಹೆಣ್ಣಿನ ಹೆಸರನ್ನು, ಇಟ್ಟುಕೊಂಡಿದ್ದರು. ಅನಂತರ ಬಂದ ಗುರುಗಳು ಇದೇ ಸೀಮೆಯ ಹೆಣ್ಣುಮಕ್ಕಳ ತಲೆಯ ಮೇಲೆ ನೀರನ್ನೆರೆದು ಹೊಸ ಹೆಸರುಗಳನ್ನು ಕೊಟ್ಟರು. ಕೊಟ್ಟ ಹೆಸರುಗಳು ಎಲ್ಲಿಂದ ಬಂದವು, ಅವುಗಳ ಅರ್ಥವೇನು, ಅವು ಬಂದಾಗ ಯಾವ ಹೆಸರುಗಳು ಸರಿದುಹೋದವು ಎಂಬುದನ್ನು ಕೇಳಿಕೊಳ್ಳಲು ನಾವು ಗುರುಮಠದಲ್ಲಿ ಕಲಿಯುವವರೂ ಕಲಿಸುವವರೂ ಹೆಚ್ಚು ಹೊತ್ತು ಕೊಟ್ಟಿಲ್ಲ. ಜ್ಞಾನಸ್ನಾನದ ಸಂಸ್ಕಾರವಿಧಿಯಲ್ಲಿ ಗುರುವು ಕೇಳುವ ಮೊದಲ ಪ್ರಶ್ನೆಯೇ 'ಈ ಮಗುವಿಗೆ ಯಾವ ಹೆಸರನ್ನು ಇಡುತ್ತೀರಿ?' ಎಂಬುದಾಗಿದ್ದರೂ ನಾವು ಆ ಪ್ರಶ್ನೆಯನ್ನು ಪೀಠಿಕೆಯೆಂದೇ ಎಣಿಸಿ ಮುಂದೆ ಹೋಗುತ್ತೇವೆ.

ಕೋಟೆಯಿಂದಲೇ ಆರಂಭಿಸೋಣ. ಮಿರ್ಜಾನದ ಜನ ಅದನ್ನು ರಾಣಿ ಚೆನ್ನಭೈರಾದೇವಿಯ ಕೋಟೆಯೆಂದು ಕರೆಯುತ್ತಾರೆ. ಗೇರುಸೊಪ್ಪೆಯಿಂದ ಆಳಿದ ಈ ಜೈನ ರಾಣಿಯ ಕಾಲ 16ನೆಯ ಶತಮಾನದ ಉತ್ತರಾರ್ಧ. ಘಟ್ಟದಿಂದ ಇಳಿದ ಕಾಳುಮೆಣಸು ಅವಳ ಬಂದರುಗಳ ಮೂಲಕವೇ ಸಮುದ್ರವನ್ನು ಸೇರುತ್ತಿತ್ತು. ಆಕೆಯ ಹೆಸರನ್ನು ಬಿಡಿಸಿ ನೋಡಿದರೆ ಮೂರು ಪದರಗಳಿವೆ. 'ಚೆನ್ನ' ಅಚ್ಚ ಕನ್ನಡ. ಚೆಲುವು, ಒಳಿತು ಎರಡನ್ನೂ ಒಟ್ಟಿಗೆ ಹೇಳುವ ಮಾತು. 'ದೇವಿ' ಸಂಸ್ಕೃತ, ರಾಜಮನೆತನದ ಸ್ತ್ರೀಯರಿಗೆ ಸಲ್ಲುವ ಗೌರವಪದ. ನಡುವಿನ 'ಭೈರ' ಕುತೂಹಲಕರ. ಭೈರವ ಶಿವನ ಉಗ್ರರೂಪ. ಆದರೂ 1432ರಲ್ಲಿ ಕಾರ್ಕಳದ ಗೊಮ್ಮಟನನ್ನು ನಿಲ್ಲಿಸಿದ ಜೈನ ಅರಸರು ಭೈರರಸರೆಂದೇ ಕರೆಯಿಸಿಕೊಂಡರು, ಗೇರುಸೊಪ್ಪೆಯಲ್ಲಿ ಚತುರ್ಮುಖ ಬಸದಿಯ ನೆರಳಿನಲ್ಲಿ ಆಳಿದವಳು ಭೈರಾದೇವಿಯಾದಳು. ಬಸದಿಗೆ ಹೋಗುವವಳ ಹೆಸರಿನಲ್ಲಿ ಭೈರವನಿದ್ದಾನೆಂದು ಅಂದಿನ ಯಾವ ಮುನಿಯಾದರೂ ಮುಖ ಸಿಂಡರಿಸಿದರೆಂದು ತೋರುವುದಿಲ್ಲ. ಹೆಸರು ಮನೆತನದ ಗುರುತಾಗಿತ್ತು, ಮತದ ಘೋಷಣೆಯಾಗಿರಲಿಲ್ಲ. ಈ ಮಾತನ್ನು ನೆನಪಿನಲ್ಲಿಡಬೇಕು. ಮುಂದೆ ನಮ್ಮವರು ಹೆಸರುಗಳ ಬಗೆಗೆ ಕಟ್ಟಿದ ನಿಯಮಗಳ ಎದುರು ಇದನ್ನು ಇಟ್ಟು ನೋಡಬೇಕಾಗುತ್ತದೆ.

1623ರಲ್ಲಿ ರೋಮಿನ ಶ್ರೀಮಂತ ಪಿಯೆತ್ರೊ ದೆಲ್ಲಾ ವಾಲ್ಲೆ ಗೋವೆಯಿಂದ ಹೊನ್ನಾವರಕ್ಕೆ ಬಂದು, ಶರಾವತಿಯ ಮೇಲೆ ದೋಣಿಯಲ್ಲಿ ಗೇರುಸೊಪ್ಪೆಗೆ ಹೋಗಿ, ಘಟ್ಟವನ್ನೇರಿ ಇಕ್ಕೇರಿಯನ್ನು ತಲುಪಿದ. ಗೇರುಸೊಪ್ಪೆ ಆಗಲೇ ಇಕ್ಕೇರಿಯ ವೆಂಕಟಪ್ಪ ನಾಯಕನ ಕೈಸೇರಿ ಹಾಳುಬಿದ್ದಿತ್ತು. ಅಲ್ಲಿ ಆಳಿದ್ದ ರಾಣಿಯನ್ನು ಪೋರ್ಚುಗೀಸರು 'ರೈನಾ ದ ಪಿಮೆಂತಾ', ಕಾಳುಮೆಣಸಿನ ರಾಣಿ, ಎಂದು ಕರೆಯುತ್ತಿದ್ದರೆಂದು ಅವನು ಬರೆದಿಟ್ಟ. ಇಂದಿಗೂ ಪ್ರವಾಸಿ ಫಲಕಗಳಲ್ಲಿ ನಾವು ಅದನ್ನು ಬಿರುದೆಂದು ಹೆಮ್ಮೆಯಿಂದ ಓದುತ್ತೇವೆ. ನನಗೆ ಅದು ಬಿರುದಿಗಿಂತ ಹೆಚ್ಚಾಗಿ ವ್ಯಾಪಾರಿಯ ಲೆಕ್ಕದ ಪುಸ್ತಕದ ಶೀರ್ಷಿಕೆಯಂತೆ ಕೇಳಿಸುತ್ತದೆ: ಕೊಳ್ಳುವವನಿಗೆ ಮಾರುವವಳು ಸರಕಿನ ಹೆಸರಿನಿಂದಲೇ ಪರಿಚಿತಳು.

ಆದರೆ ದೆಲ್ಲಾ ವಾಲ್ಲೆಗೆ ಅನ್ಯಾಯ ಮಾಡಬಾರದು. ಅದೇ ಪ್ರವಾಸದಲ್ಲಿ ಅವನು ಮಂಗಳೂರಿನ ಸೀಮೆಗೆ ಇಳಿದು ಉಳ್ಳಾಲದ ರಾಣಿಯನ್ನು ಭೇಟಿಯಾದಾಗ ಅವಳ ಹೆಸರನ್ನು ವಿಚಾರಿಸಿ ತಿಳಿದುಕೊಂಡ. ತನ್ನ ಇಟಾಲಿಯನ್ ಕಿವಿಗೆ ಬಿದ್ದಂತೆ ಅದನ್ನು 'ಅಬಗ್ ದೇವಿ ಚೌತ್ರು' ಎಂದು ಬರೆದುಕೊಂಡು, ಅಬಗ್ ಎಂಬುದು ಅಂಕಿತನಾಮ, ದೇವಿ ಎಂಬುದು ಒಡತಿಯೆಂಬ ಅರ್ಥದ ಗೌರವಪದ ಎಂದು ವಿಂಗಡಿಸಿಯೂ ಇಟ್ಟ. ಅಬ್ಬಕ್ಕ ಎಂಬ ತುಳುನಾಡಿನ ಹೆಸರು, ಚೌಟ ಎಂಬ ಮನೆತನ, ಎರಡೂ ಆ ಮುರಿದ ಉಚ್ಚಾರಣೆಯ ಒಳಗೆ ಸುರಕ್ಷಿತವಾಗಿವೆ. ಒಬ್ಬ ಹೆಂಗಸನ್ನು ಅವಳ ಹೆಸರಿನಿಂದ ಕರೆಯಬೇಕೆಂದು ಅವನಿಗೆ ಅನ್ನಿಸಿದ್ದಕ್ಕೆ ಕಾರಣ ಅವನ ಸ್ವಂತ ದುಃಖದಲ್ಲಿತ್ತೋ ಏನೋ. ಅವನು ಬಾಗ್ದಾದಿನಲ್ಲಿ ಮದುವೆಯಾದ ಪೂರ್ವ ಕ್ರೈಸ್ತ ಮನೆತನದ ಹೆಣ್ಣು 1621ರ ಕೊನೆಯಲ್ಲಿ ಹೊರ್ಮುಜ್ ಸಮೀಪದಲ್ಲಿ ತೀರಿಕೊಂಡಿದ್ದಳು. ಅವಳ ದೇಹವನ್ನು ಸುಗಂಧದ್ರವ್ಯಗಳಲ್ಲಿ ರಕ್ಷಿಸಿ, ಪೆಟ್ಟಿಗೆಯಲ್ಲಿಟ್ಟು, ನಾವಿಕರಿಂದ ಮುಚ್ಚಿಟ್ಟು ಅವನು ಭಾರತಕ್ಕೆ ತಂದಿದ್ದ. ವರ್ಷಗಳ ನಂತರ ರೋಮಿನಲ್ಲಿ ತನ್ನ ಕುಟುಂಬದ ಸಮಾಧಿಯಲ್ಲಿ ಹೂಳಿದ. ಅವಳ ಹೆಸರು ಮಆನಿ. ಅರಬ್ಬಿಯಲ್ಲಿ ಆ ಪದಕ್ಕೆ 'ಅರ್ಥಗಳು' ಎಂದೇ ಅರ್ಥ. ಅವಳ ಆಶ್ರಯದಲ್ಲಿ ಬೆಳೆದ ಜಾರ್ಜಿಯಾ ದೇಶದ ಅನಾಥ ಬಾಲಕಿಯೊಬ್ಬಳೂ ಅವನೊಂದಿಗೆ ಗೋವೆಗೆ ಬಂದಿದ್ದಳು. ಅವಳ ತಾಯ್ನುಡಿಯ ಹೆಸರು ತಿನಾತಿನ್, ಬೆಳಕಿನ ಪ್ರತಿಫಲನ. ರೋಮಿನ ಚರಿತ್ರೆಯಲ್ಲಿ ಅವಳು ಮರಿಯುಚ್ಚಾ, ಪುಟ್ಟ ಮರಿಯ. ಒಂದೇ ಮನೆಯಲ್ಲಿ ಒಂದು ಹೆಸರು ಉಳಿಯಿತು, ಒಂದು ಹೆಸರು ಬದಲಾಯಿತು.

ಹೆಸರನ್ನು ಬದಲಿಸಬೇಕೆಂಬ ನಿಯಮ ಆದಿ ಧರ್ಮಸಭೆಯಲ್ಲಿ ಇತ್ತೇ? ಸಂತ ಪೌಲನು ರೋಮನರಿಗೆ ಬರೆದ ಪತ್ರದ 16ನೆಯ ಅಧ್ಯಾಯವನ್ನು ನಾವು ಸಾಮಾನ್ಯವಾಗಿ ಪ್ರಬೋಧನೆಗೆ ಆರಿಸಿಕೊಳ್ಳುವುದಿಲ್ಲ. ಅದು ಬರಿಯ ಹೆಸರುಗಳ ಪಟ್ಟಿಯಲ್ಲವೇ ಎನ್ನುತ್ತೇವೆ. ಆ ಪಟ್ಟಿಯನ್ನೇ ನೋಡಿ. ಮೊದಲು ಬರುವವಳು ಕೆಂಖ್ರೆಯ ಸಭೆಯ ಸೇವಕಿ ಫೊಯಿಬೆ. ಫೊಯಿಬೆ ಎಂದರೆ ಪ್ರಕಾಶಮಾನಳು. ಗ್ರೀಕರು ಈ ಹೆಸರನ್ನು ಅರ್ತೆಮಿ ದೇವಿಗೂ ಅವಳ ಅಜ್ಜಿಗೂ ಸಲ್ಲಿಸುತ್ತಿದ್ದರು. ತ್ರುಫೈನ ಮತ್ತು ತ್ರುಫೋಸ ಎಂಬ ಇಬ್ಬರ ಹೆಸರುಗಳಿಗೂ ಕೋಮಲೆ, ನಾಜೂಕಿನವಳು ಎಂಬ ಅರ್ಥ. ಪೌಲನು ಅವರನ್ನು ಹೊಗಳುವುದು ಅವರು ಪಟ್ಟ ಕಷ್ಟಕ್ಕಾಗಿ! ಪೆರ್ಸೀಸಳೆಂದರೆ ಪಾರಸೀಕದವಳು, ಬಹುಶಃ ಯಾರೋ ಒಡೆಯನು ದಾಸಿಗೆ ಅವಳ ದೇಶದ ಗುರುತಿನಿಂದ ಇಟ್ಟ ಹೆಸರು. ಯೂಲ್ಯ ರೋಮನ್ ಕುಲನಾಮ. ಯೂನ್ಯ ಕೂಡ ಹಾಗೆಯೇ. ಇವರೆಲ್ಲರೂ ಕ್ರಿಸ್ತನಲ್ಲಿ ದೀಕ್ಷೆ ಪಡೆದವರು, ಒಬ್ಬರ ಹೆಸರೂ ಬದಲಾಗಿಲ್ಲ. ದೇವಿಯ ಹೆಸರನ್ನು ಹೊತ್ತವಳೇ ಸಭೆಯ ಸೇವಕಿಯಾಗಿ ರೋಮಿಗೆ ಬಂದಳು.

ಯೂನ್ಯಳ ಬಗ್ಗೆ ಒಂದು ಮಾತು. ಗ್ರೀಕ್ ಹಸ್ತಪ್ರತಿಯಲ್ಲಿ ಆ ಹೆಸರಿನ ಮೇಲಿನ ಒಂದು ಸ್ವರಚಿಹ್ನೆಯನ್ನು ಬದಲಿಸಿದರೆ ಅದು ಗಂಡಸಿನ ಹೆಸರಾಗಿಬಿಡುತ್ತದೆ. ಪ್ರೇಷಿತರಲ್ಲಿ ಹೆಸರುವಾಸಿಯಾದವಳನ್ನು ಸಂತ ಜಾನ್ ಕ್ರಿಸೋಸ್ತೋಮನು ಸಂಶಯವಿಲ್ಲದೆ ಸ್ತ್ರೀಯೆಂದೇ ಓದಿ ಹೊಗಳಿದ್ದ. ಬಹಳ ಕಾಲದ ನಂತರ ಅನೇಕ ಭಾಷಾಂತರಗಳು ಅವಳನ್ನು ಪುರುಷನನ್ನಾಗಿ ಮಾಡಿದವು. ಕನ್ನಡದಲ್ಲಿ ಈ ತೊಡಕು ಇನ್ನೂ ತೀಕ್ಷ್ಣ. ನಮ್ಮ ಭಾಷೆ ಹೆಸರಿನ ಲಿಂಗವನ್ನು ಕ್ರಿಯಾಪದದವರೆಗೂ ಎಳೆದುಕೊಂಡು ಹೋಗುತ್ತದೆ. ಆದ್ದರಿಂದಲೇ ಹಳೆಯ ಕನ್ನಡ ಬೈಬಲ್ಲಿನ ಅನುವಾದಕರು ಪರಭಾಷೆಯ ಹೆಸರುಗಳಿಗೆ 'ಳು' ಸೇರಿಸಿ ಸಾರಳು, ರೆಬೆಕ್ಕಳು, ರಾಹೇಲಳು, ಮರಿಯಳು, ಮಾರ್ಥಳು ಎಂದು ಬರೆದರು. ಕೇಳಿ ಕೇಳಿ ನಮಗೆ ಸಹಜವೆನಿಸಿದೆ. ಆದರೆ ಆ ಒಂದು ಅಕ್ಷರದಿಂದ ಇಬ್ರಿಯ ಹೆಂಗಸರು ಕನ್ನಡದ ಹೆಂಗಸರಾದರು. ರಾಹೇಲ್ ಎಂದರೆ ಹೆಣ್ಣುಕುರಿ, ದೆಬೋರ ಎಂದರೆ ಜೇನುನೊಣ, ಚಿಪ್ಪೋರ ಎಂದರೆ ಹಕ್ಕಿ, ತಾಮಾರ್ ಎಂದರೆ ಖರ್ಜೂರದ ಮರ. ಅನುವಾದಕರು ಅರ್ಥವನ್ನು ಅನುವಾದಿಸಲಿಲ್ಲ, ಹೆಸರನ್ನು ಹೆಸರಾಗಿಯೇ ಬಿಟ್ಟರು. ಪ್ರೇಷಿತರ ಕಾರ್ಯಕಲಾಪಗಳ ಗ್ರಂಥಕರ್ತ ಲೂಕನು ಮಾತ್ರ ಯೊಪ್ಪದ ತಬಿಥಳ ವಿಷಯದಲ್ಲಿ ಹಾಗೆ ಬಿಡದೆ ಗ್ರೀಕಿನಲ್ಲಿ ದೊರ್ಕ ಎಂದು ಅರ್ಥ ಹೇಳಿದ, ಎರಡೂ ಜಿಂಕೆಯೇ.

ಸಂತರ ಹೆಸರನ್ನು ಇಡುವ ರೂಢಿ ನಿಧಾನವಾಗಿ ಬೆಳೆಯಿತು. ಮೂರನೆಯ ಶತಮಾನದಲ್ಲಿ ಅಲೆಕ್ಸಾಂದ್ರಿಯದ ಧರ್ಮಾಧ್ಯಕ್ಷ ದಿಯೊನೀಸಿಯುಸ್, ವಿಶ್ವಾಸಿಗಳು ಮಕ್ಕಳಿಗೆ ಪೌಲ ಪೇತ್ರರ ಹೆಸರುಗಳನ್ನು ಇಡುತ್ತಿದ್ದುದನ್ನು ಗಮನಿಸಿದ್ದಾನೆ. ಆ ಧರ್ಮಾಧ್ಯಕ್ಷನ ಸ್ವಂತ ಹೆಸರು ಮದ್ಯದೇವತೆಯದು. ಕ್ರಿಸೋಸ್ತೋಮನು ಅಜ್ಜ ಮುತ್ತಜ್ಜರ ಹೆಸರಿಗಿಂತ ರಕ್ತಸಾಕ್ಷಿಗಳ ಹೆಸರೇ ಲೇಸೆಂದು ತಾಯ್ತಂದೆಯರಿಗೆ ಉಪದೇಶಿಸಿದ. 533ರಲ್ಲಿ ಜಗದ್ಗುರುಪೀಠವನ್ನೇರಿದ ಮೆರ್ಕುರಿಯುಸ್ ಎಂಬಾತ ತನ್ನ ಹೆಸರು ದೇವತೆಯದೆಂದು ಅದನ್ನು ಬಿಟ್ಟು ಎರಡನೆಯ ಯೊವಾನ್ನನಾದ. ಉಪದೇಶವು ಕಟ್ಟಳೆಯಾದದ್ದು ತ್ರೆಂತ್ ಮಹಾಸಭೆಯ ನಂತರ. 1566ರ ರೋಮನ್ ಧರ್ಮೋಪದೇಶ ಸಂತರ ಹೆಸರನ್ನಿಡಬೇಕೆಂದಿತು. 1614ರ ರೋಮನ್ ಸಂಸ್ಕಾರವಿಧಿ ಅಶ್ಲೀಲವಾದ, ಕಟ್ಟುಕಥೆಯ, ಹಾಸ್ಯಾಸ್ಪದವಾದ, ಅನ್ಯದೇವತೆಗಳ ಹೆಸರುಗಳು ಬೇಡವೆಂದು ಗುರುಗಳಿಗೆ ಎಚ್ಚರಿಕೆ ಕೊಟ್ಟಿತು. ನಮ್ಮ ನೆರೆಯ ಮಲಬಾರಿನಲ್ಲಿ ಇದಕ್ಕೂ ಮುಂಚೆ, 1599ರ ಉದಯಂಪೇರೂರು ಧರ್ಮಸಭೆಯಲ್ಲಿ, ಗೋವೆಯ ಮಹಾಧರ್ಮಾಧ್ಯಕ್ಷ ಮೆನೆಜೆಸ್ ತೋಮಾ ಕ್ರೈಸ್ತರು ಮಕ್ಕಳಿಗೆ ಇಡುತ್ತಿದ್ದ ಈಶೋ ಎಂಬ ಹೆಸರನ್ನೂ ನಿಷೇಧಿಸಿದ; ಅದು ಯೇಸುವಿನ ಪವಿತ್ರನಾಮ, ಮನುಷ್ಯರಿಗೆ ಸಲ್ಲದು ಎಂಬುದು ಕಾರಣ. ಹಿಂದೂ ಹೆಸರು ತೀರಾ ಹೊರಗಿನದು, ಸಿರಿಯದ ಹೆಸರು ತೀರಾ ಒಳಗಿನದು! ಪುಣ್ಯಕ್ಕೆ ಹೆಣ್ಣುಮಕ್ಕಳ ಸಿರಿಯ ಹೆಸರುಗಳು ಬದುಕಿಕೊಂಡವು. ಕೇರಳದ ಏಲಿಯಮ್ಮ, ಅನ್ನಮ್ಮ, ಸೋಸಮ್ಮರಲ್ಲಿ ಎಲಿಸಬೇತ್, ಹನ್ನ, ಸುಸನ್ನರು ಇನ್ನೂ ಉಸಿರಾಡುತ್ತಿದ್ದಾರೆ.

ಮಿರ್ಜಾನಕ್ಕೆ ಮರಳೋಣ. 1678ರಲ್ಲಿ ಕೆಳದಿ ಸಂಸ್ಥಾನಕ್ಕೂ ಪೋರ್ಚುಗೀಸರಿಗೂ ಆದ ಒಪ್ಪಂದದಲ್ಲಿ ಮಿರ್ಜಾನ, ಚಂದಾವರ, ಭಟ್ಕಳ, ಕಲ್ಯಾಣಪುರಗಳಲ್ಲಿ ಚರ್ಚುಗಳನ್ನು ಕಟ್ಟಲು ಅನುಮತಿ ದೊರೆಯಿತು. ಆಗ ಕೆಳದಿಯನ್ನು ಆಳುತ್ತಿದ್ದವಳು ಚೆನ್ನಮ್ಮ. ಮತ್ತೊಮ್ಮೆ 'ಚೆನ್ನ'. ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಸಮುವೇಲನ ತಾಯಿ ಹನ್ನಳ ಹೆಸರು ಇಬ್ರಿಯದಲ್ಲಿ ಗಂಟಲಿನ ಆಳದಿಂದ ಹೊರಡುತ್ತದೆ. ರೋಮನ್ ಲಿಪಿಯಲ್ಲಿ ಕೆಲವರು ಅದನ್ನು 'ಚ'ಕಾರದಂತೆ ಕಾಣುವ ಅಕ್ಷರಗಳಿಂದ ಬರೆಯುತ್ತಾರೆ. ಅದನ್ನು ನೋಡಿ ಹನ್ನಳೂ ನಮ್ಮ ಚೆನ್ನಮ್ಮನೂ ಒಂದೇ ಎಂದು ಪ್ರಬೋಧನೆಯಲ್ಲಿ ಹೇಳಿದವರನ್ನು ನಾನು ಕೇಳಿದ್ದೇನೆ. ಇಬ್ರಿಯ ಪದದ ಧಾತು ಕೃಪೆಯನ್ನು ಹೇಳುತ್ತದೆ, ಕನ್ನಡ ಪದದ ಧಾತು ಚೆಲುವನ್ನು. ಎರಡು ಭಾಷಾಕುಲಗಳಿಗೆ ನಂಟಿಲ್ಲ. ಕಿವಿಗೆ ಒಂದೇ ಆದದ್ದು ಬೇರಿನಲ್ಲಿ ಒಂದೇ ಆಗಬೇಕಿಲ್ಲ. ಹೆಸರಿನ ಅರ್ಥ ಹೇಳುವ ಉತ್ಸಾಹ ನಮ್ಮನ್ನು ಸುಲಭವಾಗಿ ದಾರಿತಪ್ಪಿಸುತ್ತದೆ.

ಗೋವೆಯಿಂದ ಬಂದ ಕೊಂಕಣಿ ಕ್ರೈಸ್ತರು ಈ ತೀರಕ್ಕೆ ತಂದ ಸ್ತ್ರೀನಾಮಗಳು ಲಿಸ್ಬನ್ನಿನ ಬಾಯಿಯಿಂದ ಹೊರಟು ಕೊಂಕಣಿಯ ನಾಲಗೆಯ ಮೇಲೆ ಸವೆದು ದುಂಡಗಾದವು. ಇಸಾಬೆಲ್ 'ಜಾಬೆಲ್' ಆದಳು. ಮೊನಿಕಾ 'ಮೊನ್ಕು', ನತಾಲಿಯಾ 'ನಾತು', ಮರಿಯಾ 'ಮೊರಿ' ಆದರು. ಜಾಬೆಲಳ ದಾರಿಯನ್ನೇ ಹಿಂಬಾಲಿಸಿ: ಆರೋನನ ಹೆಂಡತಿಯ ಹೆಸರು ಎಲೀಶೆಬ, ದೇವರೇ ನನ್ನ ಆಣೆ; ಗ್ರೀಕಿನಲ್ಲಿ ಎಲಿಸಬೇತ್; ಐಬೀರಿಯದಲ್ಲಿ ಇಸಾಬೆಲ್; ಪೋರ್ಚುಗಲ್ಲಿನ ರಾಣಿ ಇಸಾಬೆಲ್ 1625ರಲ್ಲಿ ಸಂತಳೆಂದು ಘೋಷಿತಳಾದಳು; ಮೂರು ಸಾವಿರ ವರ್ಷಗಳ ಆ ಹೆಸರು ನಮ್ಮ ಕಡೆಯ ಗದ್ದೆಯ ಬದುವಿನ ಮೇಲೆ 'ಗೇ ಜಾಬೆಲ್' ಎಂಬ ಕೂಗಾಗಿ ನಿಂತಿತು. ಕತ್ರಿನ್ ಎಂಬ ಹೆಸರಿನ ಜನಪ್ರಿಯತೆಗೆ ಹೊನ್ನಾವರದ ನೇರ ಪಾಲುಂಟು. 1510ರಲ್ಲಿ ಅಲ್ಬುಕರ್ಕನನ್ನು ಗೋವೆಯ ಮೇಲೆ ಪ್ರೇರಿಸಿ ನೆರವಾದವನು ಹೊನ್ನಾವರದ ತಿಮ್ಮೋಜ. ಗೋವೆ ಕೊನೆಗೆ ಬಿದ್ದದ್ದು ನವೆಂಬರ್ 25ರಂದು, ಅಲೆಕ್ಸಾಂದ್ರಿಯದ ಸಂತ ಕ್ಯಾಥರಿನಳ ಹಬ್ಬದ ದಿನ. ಅಂದಿನಿಂದ ಅವಳು ಗೋವೆಯ ಪಾಲಕಿ, ಅಲ್ಲಿಯ ಪ್ರಧಾನಾಲಯವೂ ಅವಳ ಹೆಸರಿನದು. ಗ್ರೀಕರು ಆ ಹೆಸರಿನಲ್ಲಿ 'ಪರಿಶುದ್ಧಳು' ಎಂಬ ಅರ್ಥವನ್ನು ಕಂಡುಕೊಂಡರು. ಆ ಮಾತು ನಮ್ಮ ಹಳ್ಳಿಗಳ ಕತ್ರಿನ್‌ಬಾಯಿಯರಿಗೆ ತಲುಪಿದ್ದು ಒಂದು ಮುತ್ತಿಗೆಯ ತಾರೀಖಿನ ಮೂಲಕ.

ಮೊನ್ಕು ಎಂಬ ಹೆಸರಿನ ಮೂಲ ಇನ್ನೂ ವಿಚಿತ್ರ. ಸಂತ ಅಗಸ್ಟೀನನ ತಾಯಿ ಉತ್ತರ ಆಫ್ರಿಕದ ತಗಸ್ತೆಯವಳು. ಅವಳ ಹೆಸರು ಲ್ಯಾಟಿನ್ನಿನದಲ್ಲ. ಬೆರ್ಬರ್ ಜನ ಪೂಜಿಸುತ್ತಿದ್ದ ಮೊನ್ ಎಂಬ ದೇವತೆಯ ಹೆಸರಿನಿಂದ ಬಂದಿರಬೇಕೆಂದು ಅನೇಕ ವಿದ್ವಾಂಸರ ಅಭಿಪ್ರಾಯ. 1614ರ ವಿಧಿಯನ್ನು ಅಕ್ಷರಶಃ ಅನ್ವಯಿಸಿದ್ದರೆ ತಗಸ್ತೆಯ ಗುರುವು ಆ ಶಿಶುವಿಗೆ ಬೇರೊಂದು ಹೆಸರನ್ನು ಹುಡುಕಬೇಕಾಗುತ್ತಿತ್ತು! ಅಗಸ್ಟೀನನು ತನ್ನ 'ಕನ್ಫೆಷನ್ಸ್' ಕೃತಿಯುದ್ದಕ್ಕೂ ತಾಯಿಯ ಬಗ್ಗೆ ಬರೆಯುತ್ತಾನೆ. ಆದರೆ ಅವಳ ಹೆಸರನ್ನು ಬರೆಯುವುದು ಒಮ್ಮೆ ಮಾತ್ರ, ಒಂಬತ್ತನೆಯ ಪುಸ್ತಕದ ಕೊನೆಯಲ್ಲಿ, ಬಲಿಪೀಠದ ಬಳಿ ಅವಳನ್ನು ನೆನೆಯಿರೆಂದು ಓದುಗರನ್ನು ಬೇಡುವಾಗ. ಪ್ರಾರ್ಥನೆಗೆ ಹೆಸರು ಬೇಕು. ಕಥೆಗೆ 'ತಾಯಿ' ಎಂದರೆ ಸಾಕಾಗಿತ್ತು.

ಇನ್ನು ಮರಿಯ. ಇಬ್ರಿಯದ ಮಿರ್ಯಾಮಳ ಅರ್ಥದ ಬಗ್ಗೆ ಒಮ್ಮತವಿಲ್ಲ. 'ಪ್ರಿಯಳು' ಎಂಬ ಈಜಿಪ್ಟಿನ ಮೂಲವನ್ನು ಕೆಲವರು ಊಹಿಸುತ್ತಾರೆ, 'ಕಹಿ' ಎಂಬುದನ್ನು ಇನ್ನು ಕೆಲವರು. ರೂತಳ ಗ್ರಂಥದಲ್ಲಿ ನೊವೊಮಿ ತನ್ನನ್ನು ಇನ್ನು ಮೇಲೆ ಮಾರಾ ಎನ್ನಿರೆಂದು ಕೇಳಿಕೊಂಡದ್ದು ಆ ಕಹಿಯ ಮಾತಿನಿಂದಲೇ. ಸಂತ ಜೆರೋಮನು ಹೆಸರುಗಳ ಅರ್ಥಕೋಶದಲ್ಲಿ ಮರಿಯಳಿಗೆ ಲ್ಯಾಟಿನ್ನಿನಲ್ಲಿ 'ಸ್ತಿಲ್ಲಾ ಮಾರಿಸ್', ಸಮುದ್ರದ ಒಂದು ಹನಿ, ಎಂಬ ಅರ್ಥವನ್ನೂ ಕೊಟ್ಟಿದ್ದನೆಂದೂ, ಪ್ರತಿಕಾರರ ಕೈಯಲ್ಲಿ ಅದು 'ಸ್ತೆಲ್ಲಾ ಮಾರಿಸ್', ಸಮುದ್ರತಾರೆ, ಆಯಿತೆಂದೂ ಪಂಡಿತರು ಹೇಳುತ್ತಾರೆ. ಒಂದು ಅಕ್ಷರದ ತಪ್ಪಿನಿಂದ ನಾವಿಕರಿಗೆ ಮಾತೆ ಸಿಕ್ಕಿದಳು. ನಮ್ಮ ತೀರದ ಬೆಸ್ತ ವಿಶ್ವಾಸಿಗಳಿಗೆ ತಾರೆಯೇ ಪ್ರಿಯ, ಅದರಲ್ಲಿ ಆಶ್ಚರ್ಯವಿಲ್ಲ. ಆದರೆ ಉಪ್ಪುನೀರಲ್ಲಿ ನಿಂತು ಕಗ್ಗ ಭತ್ತ ಬೆಳೆಯುವ ಅಘನಾಶಿನಿಯ ಗಜನಿಗಳನ್ನು ನೋಡುವಾಗ ನನಗೆ ಜೆರೋಮನ ಆ ಮೊದಲ ಹನಿಯೇ ಹೆಚ್ಚು ಒಪ್ಪಿಗೆಯಾಗುತ್ತದೆ.

ಈ ಹೆಸರನ್ನು ಇಲ್ಲಿಗೆ ಮೊದಲು ತಂದವರು ನಾವೆಂದು ತಿಳಿಯಬಾರದು. 14ನೆಯ ಶತಮಾನದ ನಡುಭಾಗದಲ್ಲಿ ಹೊನ್ನಾವರಕ್ಕೆ ಬಂದ ಇಬ್ನ್ ಬತೂತ ಅಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಪಾಠಶಾಲೆಗಳನ್ನು ಕಂಡ. ಅಲ್ಲಿಯ ಹೆಂಗಸರು ಕುರ್ಆನನ್ನು ಕಂಠಪಾಠ ಮಾಡಿದವರೆಂದು ಬರೆದ. ಕುರ್ಆನಿನಲ್ಲಿ ಅಂಕಿತನಾಮದಿಂದ ಕರೆಯಲ್ಪಟ್ಟ ಸ್ತ್ರೀ ಒಬ್ಬಳೇ, ಮರ್ಯಮ್. 19ನೆಯ ಅಧ್ಯಾಯಕ್ಕೆ ಅವಳದೇ ಹೆಸರು. ಹಾಗಾದರೆ ಪೋರ್ಚುಗೀಸರ ಹಡಗು ಕಾಣಿಸಿಕೊಳ್ಳುವುದಕ್ಕೆ ಒಂದೂವರೆ ಶತಮಾನ ಮೊದಲೇ ಹೊನ್ನಾವರದ ಬಾಲಕಿಯರ ಬಾಯಲ್ಲಿ ನಮ್ಮ ಸ್ವಾಮಿಯ ತಾಯಿಯ ಹೆಸರು ಇತ್ತು. ಭಟ್ಕಳದ ನವಾಯತ ಮನೆಗಳಲ್ಲಿ ಇಂದಿಗೂ ಅದು ಇದೆ.

ಕ್ಯಾಲೆಂಡರಿನಿಂದ ಹುಟ್ಟಿದ ಹೆಸರುಗಳದು ಬೇರೆಯೇ ಒಂದು ವರ್ಗ. ನತಾಲಿಯಾ ಎಂದರೆ ಕ್ರಿಸ್ತಜಯಂತಿಯ ಕಾಲದವಳು, ದೊಮಿಂಗಾ ಎಂದರೆ ಭಾನುವಾರದವಳು, ಪಾಸ್ಕ್ವೆಲಾ ಎಂದರೆ ಪಾಸ್ಕ ಹಬ್ಬದವಳು, ಅನಸ್ತಾಸಿಯಾ ಎಂದರೆ ಪುನರುತ್ಥಾನ. ಇವುಗಳನ್ನು ನಮ್ಮ ಗುರುಗಳು ಸಂತೋಷದಿಂದ ದಫ್ತರಿನಲ್ಲಿ ಬರೆದುಕೊಂಡರು. ಅದೇ ಹೊತ್ತಿಗೆ ಅದೇ ಊರಿನ ಹಾಲಕ್ಕಿ ಒಕ್ಕಲಿಗರ ಕೇರಿಯಲ್ಲಿ ಮಗುವಿಗೆ ಹುಟ್ಟಿದ ವಾರದ ಹೆಸರನ್ನು ಇಡುವ ರೂಢಿಯಿತ್ತು: ಸೋಮವಾರದವಳು ಸೋಮಿ, ಮಂಗಳವಾರದವಳು ಮಂಗಳಿ, ಶುಕ್ರವಾರದವಳು ಸುಕ್ರಿ. ಅಂಕೋಲೆಯ ಬಡಗೇರಿಯ ಜಾನಪದ ಗಾಯಕಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದಾಗ ಆ ಹೆಸರು ದೇಶಕ್ಕೆಲ್ಲ ಪರಿಚಯವಾಯಿತು. ಅದನ್ನು ಒರಟು ಹೆಸರೆಂದು, ಜ್ಞಾನಸ್ನಾನಕ್ಕೆ ಒಗ್ಗದೆಂದು ಭಾವಿಸುವವರು ಪೂರ್ವ ಧರ್ಮಸಭೆಯ ಸಂತಳೊಬ್ಬಳನ್ನು ನೆನೆಯಬೇಕು. ಗ್ರೀಸಿನಿಂದ ರಷ್ಯದವರೆಗೆ ಜನ ದೀಪ ಹಚ್ಚಿ ಪ್ರಾರ್ಥಿಸುವ ರಕ್ತಸಾಕ್ಷಿ ಸಂತ ಪರಸ್ಕೆವಿ. ಪರಸ್ಕೆವಿ ಎಂದರೆ ಸಿದ್ಧತೆಯ ದಿನ. ಸಬ್ಬತ್ತಿಗೆ ಅಣಿಯಾಗುವ ದಿನ. ಗ್ರೀಕರಿಗೆ ಇಂದಿಗೂ ಶುಕ್ರವಾರದ ಹೆಸರು ಅದೇ. ಬಡಗೇರಿಯಲ್ಲಿ ಅದನ್ನು ಸುಕ್ರಿ ಎನ್ನುತ್ತಾರೆ.

ಹೆಸರನ್ನು ಕಸಿದುಕೊಂಡ ಕಥೆಯೂ ಈ ಚರಿತ್ರೆಯ ಭಾಗ. 1784ರ ವಿಭೂತಿ ಬುಧವಾರದಂದು ಆರಂಭವಾದ ಸೆರೆಯಲ್ಲಿ ಕೆನರಾದ ಕ್ರೈಸ್ತರು ಶ್ರೀರಂಗಪಟ್ಟಣಕ್ಕೆ ನಡೆದರು, ಚರ್ಚುಗಳು ನೆಲಸಮವಾದವು, ಸೆರೆಯಾಳುಗಳಲ್ಲಿ ಅನೇಕರಿಗೆ ಬೇರೆ ಧರ್ಮದ ಹೆಸರುಗಳನ್ನು ಕೊಡಲಾಯಿತು. 1799ರ ನಂತರ ಮರಳಿದವರು ತಮ್ಮ ಜಾಬೆಲ್, ಮೊನ್ಕುಗಳನ್ನು ಮತ್ತೆ ಕರೆದುಕೊಂಡರು. ಈ ನೋವನ್ನು ನಾವು ಮರೆತಿಲ್ಲ, ಮರೆಯಬೇಕಾಗಿಯೂ ಇಲ್ಲ. ಆದರೆ ಅದನ್ನು ಹೇಳುವ ಅದೇ ಉಸಿರಿನಲ್ಲಿ ಇನ್ನೊಂದನ್ನೂ ಹೇಳಬೇಕು. ಗೋವೆಯಲ್ಲಿ 1560ರಿಂದ ವಿಚಾರಣಾ ನ್ಯಾಯಮಂಡಳಿಯ ನೆರಳಿನಲ್ಲಿ ಮತಾಂತರಗೊಂಡ ಕುಟುಂಬಗಳ ಹಳೆಯ ಸ್ತ್ರೀನಾಮಗಳು ನಮ್ಮವರ ಕೈಯಿಂದಲೇ ಅಳಿದವು. ಆಫ್ರಿಕದಿಂದ ಗುಲಾಮರಾಗಿ ಗೋವೆಗೆ ಬಂದವರಿಗೆ ಪೋರ್ಚುಗೀಸ್ ಸಂತರ ಹೆಸರುಗಳನ್ನು ಕೊಟ್ಟು ದಫ್ತರಿನಲ್ಲಿ ಬರೆದರು. ಹಳಿಯಾಳದ ಕಡೆಯ ಕ್ರೈಸ್ತ ಸಿದ್ದಿ ಹೆಂಗಸರ ಮರಿಯಾ, ರೋಸಾಗಳ ಹಿಂದೆ ಯಾವ ಭಾಷೆಯ ಯಾವ ಹೆಸರುಗಳಿದ್ದವೆಂದು ಕೇಳಿದರೆ ಉತ್ತರಿಸುವ ಪುಸ್ತಕವಿಲ್ಲ. ಮದುವೆಯ ದಿನ ವಧುವಿಗೆ ಹೊಸ ಹೆಸರನ್ನಿಡುವ ಸಾರಸ್ವತರ ಪದ್ಧತಿಯನ್ನು ನಮ್ಮಲ್ಲಿ ಕೆಲವರು ಟೀಕಿಸುವುದುಂಟು. ಟೀಕಿಸುವ ಮೊದಲು ನಮ್ಮ ಹಳೆಯ ದಫ್ತರುಗಳಲ್ಲಿ 'ಇಂಥವನ ಹೆಂಡತಿ' ಎಂದು ಮಾತ್ರ ಬರೆದಿರುವ ಸಾಲುಗಳನ್ನು ಎಣಿಸಿ ನೋಡಬಹುದು.

ಎರಡು ಹೆಸರುಗಳನ್ನೂ ಉಳಿಸಿಕೊಂಡವರೂ ಇದ್ದರು. 1844ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಮೂಲಕ ದೀಕ್ಷೆ ಪಡೆದ ಸಾರಸ್ವತ ತರುಣ ಹೆರ್ಮನ್ ಆನಂದರಾವ್ ಕೌಂಡಿನ್ಯನಾದ. ಹೊಸದು ಮುಂದೆ, ಹಳೆಯದು ಹಿಂದೆ. ನಮ್ಮ ವಿಷಯಕ್ಕೆ ಇನ್ನೂ ಹತ್ತಿರದವರು ಪಂಡಿತಾ ರಮಾಬಾಯಿ. 1858ರಲ್ಲಿ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದ ಆಕೆಗೆ 1883ರಲ್ಲಿ ಇಂಗ್ಲೆಂಡಿನ ವಾಂಟೇಜಿನಲ್ಲಿ ಜ್ಞಾನಸ್ನಾನವಾಯಿತು. ದಫ್ತರಿನ ಹೆಸರು ಮೇರಿ ರಮಾ. ಮಗಳು ಮನೋರಮಾ ಮೇರಿ. ರಮೆ ಎಂದರೆ ಲಕ್ಷ್ಮಿ. ಆ ಹೆಸರನ್ನು ಅಳಿಸದೆಯೇ ನೀರು ಬಿತ್ತು. ಇಂದು ಕ್ರೈಸ್ತ ಲೋಕವೆಲ್ಲ ಆಕೆಯನ್ನು ರಮಾಬಾಯಿ ಎಂದೇ ಬಲ್ಲದು. ಮೇರಿ ಎಂಬ ಹೆಸರನ್ನು ಹುಡುಕಬೇಕು.

ಧರ್ಮಸಭೆಯ ಕಾನೂನೂ ನಿಧಾನವಾಗಿ ಇದೇ ದಿಕ್ಕಿಗೆ ಸರಿಯಿತು. 1917ರ ಸಂಹಿತೆಯ 761ನೆಯ ವಿಧಿ ಕ್ರೈಸ್ತ ಹೆಸರನ್ನೇ ಇಡಿಸಬೇಕೆಂದಿತು. ತಾಯ್ತಂದೆಯರು ಒಪ್ಪದಿದ್ದರೆ ಅವರು ಇಟ್ಟ ಹೆಸರಿಗೆ ಒಬ್ಬ ಸಂತರ ಹೆಸರನ್ನು ಸೇರಿಸಿ ಎರಡನ್ನೂ ದಫ್ತರಿನಲ್ಲಿ ಬರೆಯಬೇಕೆಂದಿತು. 1983ರ ಸಂಹಿತೆಯ 855ನೆಯ ವಿಧಿ ಕೇಳುವುದು ಇಷ್ಟೇ: ಕ್ರೈಸ್ತ ಭಾವನೆಗೆ ಪರಕೀಯವಾದ ಹೆಸರು ಬೇಡ. ಸಂತರ ಹೆಸರೇ ಇರಬೇಕೆಂಬ ಮಾತು ಅಲ್ಲಿಲ್ಲ. 877ನೆಯ ವಿಧಿಯಂತೆ ದಫ್ತರಿನಲ್ಲಿ ತಾಯ್ತಂದೆಯರಿಬ್ಬರ ಹೆಸರನ್ನೂ ದಾಖಲಿಸಬೇಕು. 'ಪರಕೀಯ' ಎಂಬುದನ್ನು ಅಳೆಯುವ ಕೋಲು ಗುರುವಿನ ಕೈಯಲ್ಲಿದೆ. ಫೊಯಿಬೆ, ಮೊನಿಕಾ, ರಮಾಬಾಯಿ ಎಂಬ ಮೂರು ಗುರುತುಗಳು ಆ ಕೋಲಿನ ಮೇಲೆ ಇರಬೇಕೆಂಬುದು ನನ್ನ ಅಭಿಪ್ರಾಯ.

ಅಭಿಪ್ರಾಯವು ಪುಸ್ತಕದಿಂದ ಬಂದದ್ದಲ್ಲ. ಗುರುದೀಕ್ಷೆಯ ಹೊಸತರಲ್ಲಿ ಈ ತೀರದ ಒಂದು ಧರ್ಮಕೇಂದ್ರದಲ್ಲಿ ನಾನು ಸಹಾಯಕನಾಗಿದ್ದೆ. ಒಂದು ಬಡ ದಂಪತಿ ಹೆಣ್ಣುಮಗುವನ್ನು ತಂದು, ತಂದೆಯ ಅಜ್ಜಿಯ ಹೆಸರನ್ನು ಹೇಳಿದರು. ವಾರದ ಹೆಸರು. 855ನೆಯ ವಿಧಿಯ ಮೇಲೆ ಪರೀಕ್ಷೆ ಬರೆದು ಎರಡು ವರ್ಷವೂ ಆಗಿರಲಿಲ್ಲ. ಆದರೂ ನಾನು ಅವರಿಗೆ ಸಂತರ ಪಟ್ಟಿಯನ್ನು ಕೊಟ್ಟು ಒಂದನ್ನು ಆರಿಸಿಕೊಳ್ಳಿರೆಂದೆ. ಅವರು ಓದಲಾರದೆ ಪಟ್ಟಿಯನ್ನು ಹಿಂದಿರುಗಿಸಿದರು. ನಾನೇ ಒಂದು ಹೆಸರನ್ನು ಆರಿಸಿದೆ. ಎರಡನ್ನೂ ಬರೆಯುವ ಹಳೆಯ ವಿಧಿಯ ಸೌಜನ್ಯವೂ ನನಗೆ ಹೊಳೆಯಲಿಲ್ಲ.

ಇಪ್ಪತ್ತೆರಡು ವರ್ಷಗಳ ಮೇಲೆ ಮದುವೆಗೆ ಪ್ರಮಾಣಪತ್ರ ಬೇಕೆಂದು ಆ ಹುಡುಗಿ ಬಂದಳು. ಶಾಲೆಯ ಕಾಗದದಲ್ಲಿ, ಪಡಿತರ ಚೀಟಿಯಲ್ಲಿ, ಮನೆಯವರ ಬಾಯಲ್ಲಿ ಅಜ್ಜಿಯ ಹೆಸರು. ನಮ್ಮ ದಫ್ತರಿನಲ್ಲಿ ಮಾತ್ರ, ಅವಳನ್ನು ಯಾರೂ ಯಾವತ್ತೂ ಕರೆಯದ ಒಂದು ಲ್ಯಾಟಿನ್ ಹೆಸರು. ಪುಸ್ತಕದಲ್ಲಿ ಅವಳು ಸಿಗದೆ ಎರಡು ಬಾರಿ ಹಿಂದೆ ಹೋಗಿದ್ದಳಂತೆ. ಅದೇ ಊರಿಗೆ ಅತಿಥಿಯಾಗಿ ಹೋಗಿದ್ದ ನನಗೆ ತಾರೀಖಿನ ಮೇಲೆ ನನ್ನದೇ ಕೈಬರಹ ಕಾಣಿಸಿತು. ಧರ್ಮಕೇಂದ್ರದ ಗುರುಗಳು ವಿಧಿವತ್ತಾಗಿ ಅನುಮತಿ ತರಿಸಿ ಅಂಚಿನಲ್ಲಿ ಟಿಪ್ಪಣಿ ಬರೆಯಿಸಿದರು. ಬರೆಯುವ ಮುಂಚೆ ಕಾಗುಣಿತವನ್ನು ಖಚಿತಪಡಿಸಿಕೊಳ್ಳಲು ನಾನು ಅವಳ ಹೆಸರನ್ನು ಗಟ್ಟಿಯಾಗಿ ಹೇಳಿದೆ. ಅವಳು 'ಹೌದು ಫಾದರ್, ಅದೇ' ಎಂದಳು. ಆಮೇಲೆ, ಮೊದಲು ಬರೆದಿದ್ದ ಹೆಸರಿನ ಅರ್ಥವೇನೆಂದು ಕೇಳಿದಳು. ನಾನು ಹೇಳಿದೆ. ಚೆನ್ನಾಗಿದೆ, ಅದನ್ನು ಹೊಡೆದುಹಾಕಬೇಡಿ, ಎರಡೂ ಇರಲಿ ಎಂದಳು.